ಕರಪತ್ರದಲ್ಲಿ ಯಕ್ಷಗಾನದ ಆಟದ ವಿವರ ಎದ್ದು ಕಾಣಲಿ

ಮಾನ್ಯರೇ,

ದಿನಪತ್ರಿಕೆಯೊಳಗೆ ಬಂದ ಯಕ್ಷಗಾನದ ಕರಪತ್ರವೊಂದನ್ನು ನೋಡಿ ಬೇಸರವಾಯಿತು. ಮುಕ್ಕಾಲು ಹಾಳೆ ಪ್ರಾಯೋಜಕರ ಭಾವಚಿತ್ರಗಳು. ಆಟ ನಡೆಯುವ ಸ್ಥಳ ಮಾತ್ರ ಕೆಳತುದಿಯಲ್ಲಿ, ಹಳದಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ. ಕನ್ನಡಕ ಹಾಕಿಕೊಂಡರೂ ಓದಲಾಗಲಿಲ್ಲ. ಕಾಲಮಿತಿಯ ಆಟವೋ, ಬೆಳಗಿನವರೆಗೆ ನಡೆಯುವುದೋ ಎಂಬುದೂ ಇಲ್ಲ. ದೂರದಿಂದ ಬರುವವರಿಗೆ ಕೊನೆಯ ಬಸ್ಸಿನ ಚಿಂತೆ ಇರುತ್ತದೆ.

ಪ್ರೇಕ್ಷಕರು ಮೊದಲು ಹುಡುಕುವುದು ಪ್ರಸಂಗ (ಆಡುವ ಕಥೆ) ಯಾವುದು, ಮೇಳ (ತಂಡ) ಯಾವುದು, ಹಾಡುವ ಭಾಗವತರು ಯಾರು ಎಂಬುದನ್ನು. ಅವು ದಪ್ಪ ಅಕ್ಷರಗಳಲ್ಲಿ ಮೇಲಿರಲಿ. ದಿನಾಂಕದ ಜತೆ ವಾರವನ್ನೂ ಮುದ್ರಿಸಲಿ, ಹತ್ತಿರದ ಬಸ್ ನಿಲ್ದಾಣವನ್ನು ತಿಳಿಸಲಿ. ಪ್ರಾಯೋಜಕರಿಗೆ ಕೃತಜ್ಞತೆ ಸಲ್ಲಬೇಕಾದದ್ದೇ. ಅದಕ್ಕೆ ಹಾಳೆಯ ಹಿಂಬದಿ ಪೂರ್ತಿ ಇದೆ. ಅಚ್ಚಿಗೆ ಕೊಡುವ ಮುನ್ನ ಸಂಘಟಕರು ಕರಡನ್ನು ಮನೆಯ ಹಿರಿಯರೊಬ್ಬರಿಂದ ಓದಿಸಿ ನೋಡಲಿ.

– ಯಕ್ಷಗಾನ ಪ್ರೇಕ್ಷಕ, ಕುಂದಾಪುರ