ಸಂಸತ್ತನ್ನು ಆನ್‌ಲೈನ್‌ನಲ್ಲಿ ಮಕ್ಕಳಿಗೆ ತೋರಿಸುವವರಿಗೆ

ಪೋಷಕರ ಗಮನಕ್ಕೆ. ಲೋಕಸಭೆಗೆ 543 ಕ್ಷೇತ್ರ, ಕರ್ನಾಟಕಕ್ಕೆ 28 ಎಂದು ಬಾಯಿಪಾಠ ಮಾಡಿಸುವ ಬದಲು ಸಂಸದರು ಸದನದಲ್ಲಿ ಕೇಳಿದ ಒಂದೇ ಒಂದು ಪ್ರಶ್ನೆಯ ಜಾಡನ್ನು ಮಕ್ಕಳಿಗೆ ಹಿಡಿಸಿ.

ಮೊದಲು ಕ್ಷೇತ್ರ. ಮನೆಯವರ ಮತದಾರರ ಗುರುತಿನ ಚೀಟಿಯ ಸಂಖ್ಯೆಯನ್ನು ಚುನಾವಣಾ ಆಯೋಗದ ಜಾಲತಾಣದಲ್ಲಿ ದೊಡ್ಡವರೇ ಹಾಕಿ ನೋಡಿ. ಮಕ್ಕಳು ಶಾಸಕರನ್ನೇ ಸಂಸದರೆಂದುಕೊಳ್ಳುವುದು ಮಾಮೂಲು, ಅದನ್ನು ಇಲ್ಲೇ ಬಿಡಿಸಿ.

ಆಮೇಲೆ ಸಂಸತ್ತಿನ ಜಾಲತಾಣ ಸನ್ಸದ್ ಡಾಟ್ ಇನ್ (sansad.in) ತೆರೆದು, ಲೋಕಸಭೆಯ ಪ್ರಶ್ನೋತ್ತರ ವಿಭಾಗದಲ್ಲಿ ನಿಮ್ಮ ಸಂಸದರ ಹೆಸರು ಹುಡುಕಿ. ಏನೂ ಸಿಗದಿದ್ದರೆ ಅವರು ಸುಮ್ಮನಿದ್ದಾರೆ ಅಂತ ತೀರ್ಮಾನಿಸಬೇಡಿ. ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಆಗ ಪಕ್ಕದ ಕ್ಷೇತ್ರದವರನ್ನು ಆರಿಸಿಕೊಳ್ಳಿ.

ನಕ್ಷತ್ರ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಲ್ಲಿ ಉತ್ತರಿಸಬೇಕು, ಉಪಪ್ರಶ್ನೆಯನ್ನೂ ಎದುರಿಸಬೇಕು. ಉಳಿದವಕ್ಕೆ ಲಿಖಿತ ಉತ್ತರ ಅಷ್ಟೇ. ಜಾಲತಾಣದಲ್ಲಿ ಸಿಗುವ ಉತ್ತರದ ಪಿಡಿಎಫ್‌ನ ಮೊದಲ ಪುಟದಲ್ಲಿ 'ಹೇಳಿಕೆಯನ್ನು ಸದನದ ಮೇಜಿನ ಮೇಲೆ ಇಡಲಾಗಿದೆ' ಎಂದಷ್ಟೇ ಇದ್ದರೆ ಮಕ್ಕಳು ಅಲ್ಲಿಗೇ ಮುಚ್ಚಿಬಿಡುತ್ತಾರೆ. ನಿಜವಾದ ಉತ್ತರ, ಅಂಕಿಅಂಶದ ಪಟ್ಟಿ ಎಲ್ಲ ಇರುವುದು ಮುಂದಿನ ಪುಟಗಳಲ್ಲಿ. ಪಠ್ಯ ಇಂಗ್ಲಿಷ್, ಹಿಂದಿಯಲ್ಲಿರುತ್ತದೆ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿ.

ಅಧಿವೇಶನವಿದ್ದಾಗ ಸಂಸದ್ ಟಿವಿಯ ಯೂಟ್ಯೂಬ್ ವಾಹಿನಿಯಲ್ಲಿ ಪ್ರಶ್ನೋತ್ತರ ಕಲಾಪ ನೇರ ಬರುತ್ತದೆ: ಲೋಕಸಭೆಯದು ಬೆಳಿಗ್ಗೆ 11ಕ್ಕೆ, ರಾಜ್ಯಸಭೆಯದು ಮಧ್ಯಾಹ್ನ 12ಕ್ಕೆ. ಗದ್ದಲದಿಂದ ಮುಂದೂಡಿಕೆಯಾಗುವುದೂ ಉಂಟು, ಅದನ್ನೂ ನೋಡಲಿ. ಕತ್ತರಿಸಿದ ತುಣುಕು ವಿಡಿಯೊಗಳನ್ನು ಮಾತ್ರ ದಯವಿಟ್ಟು ಇಲ್ಲಿ ಹಾಕಬೇಡಿ.