ಎಲ್ಲಿಸ್ ದ್ವೀಪದಲ್ಲಿ ಕೇಳುತ್ತಿದ್ದ ಒಂದು ಪ್ರಶ್ನೆ

ಪ್ರೀತಿಯ ತಮ್ಮ,

ನಿನ್ನ ಕಾದಂಬರಿಯ ಮೂರು ಅಧ್ಯಾಯ ಓದಿದೆ. ಹಡಗಿನ ಭಾಗ ಚೆನ್ನಾಗಿ ಬಂದಿದೆ. 1893ರ ನ್ಯೂಯಾರ್ಕ್ ಮುಟ್ಟಿದ ಮೇಲೆ ಮಾತ್ರ ನಿನ್ನ ಇಟಲಿ ಹುಡುಗ ಯಾವುದೋ ಸಿನಿಮಾದೊಳಗೆ ಹೊಕ್ಕುಬಿಟ್ಟಿದ್ದಾನೆ.

ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಫಲಕದಲ್ಲಿರುವ ಕವಿತೆಯನ್ನು ಅವನಿಗೆ ಯಾರೋ ಓದಿ ಹೇಳುತ್ತಾರೆ. ಎಮ್ಮಾ ಲಾಜರಸ್ ಅದನ್ನು ಬರೆದದ್ದು 1883ರಲ್ಲೇ ಆದರೂ ಫಲಕ ಹಾಕಿದ್ದು 1903ರಲ್ಲಿ. ಅದನ್ನು ತೆಗೆದುಬಿಡು. ಅಧಿಕಾರಿ ಅವನ ಹೆಸರನ್ನು ಮೊಟಕು ಮಾಡುವ ದೃಶ್ಯವೂ ಬೇಡ. ಹೆಸರಿನ ಪಟ್ಟಿ ಹಡಗಿನ ಕಂಪನಿಯವರು ಬರೆದು ತಂದದ್ದು. ವಲಸೆ ಬಂದವರನ್ನು ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದ ಎಲ್ಲಿಸ್ ದ್ವೀಪದ ಅಧಿಕಾರಿಗಳು ಅದನ್ನು ಮುಂದಿಟ್ಟುಕೊಂಡು ತಾಳೆ ನೋಡುತ್ತಿದ್ದರು, ಅಷ್ಟೇ.

ನಿನಗೆ ಬೇಕಾದ ದೃಶ್ಯ ಆ ಪಟ್ಟಿಯಲ್ಲೇ ಇದೆ. ಟಿಕೆಟ್ಟಿನ ದುಡ್ಡು ಕೊಟ್ಟವರು ಯಾರು? ಕೈಯಲ್ಲಿ ಎಷ್ಟಿದೆ? ಯಾರ ಹತ್ತಿರ ಹೋಗ್ತೀಯ? ಜೈಲಿಗೆ ಹೋಗಿದ್ದೆಯಾ? ಇವುಗಳ ನಡುವೆ ಸುಮ್ನೆ ಕೇಳಿದಂತೆ ಇನ್ನೊಂದು: ಇಲ್ಲಿ ಕೆಲಸ ಗೊತ್ತು ಮಾಡಿಕೊಂಡು ಬಂದಿದ್ದೀಯಾ?

ಯಾರಾದರೂ ಹೆಮ್ಮೆಯಿಂದ ಹೌದು ಅನ್ನುತ್ತಾರೆ, ಅಲ್ವಾ? ಅಂದರೆ ಕೆಟ್ಟ. ಮೊದಲೇ ಕರಾರು ಮಾಡಿಕೊಂಡು ಬರುವ ಕೂಲಿಯವರನ್ನು 1885ರ ಕಾನೂನು ಒಳಗೆ ಬಿಡುತ್ತಿರಲಿಲ್ಲ. ಅಗ್ಗದ ಆಳುಗಳನ್ನು ತಂದು ಸಂಬಳ ಇಳಿಸುತ್ತಾರೆ ಅನ್ನುವುದು ಅಲ್ಲಿನ ಕಾರ್ಮಿಕ ಸಂಘಗಳ ದೂರು. ಹಾಗಂತ ಕೈಲಾಗದವನ ಹಾಗೆ ನಿಂತರೂ ಕಷ್ಟ. ಸರ್ಕಾರಕ್ಕೆ ಹೊರೆಯಾಗುವವನು ಅಂತ ಅನಿಸಿದರೆ ವಾಪಸ್ ಹಡಗು ಹತ್ತಿಸುತ್ತಿದ್ದರು. 1891ರಿಂದ ಆ ಖರ್ಚು ಹಡಗಿನ ಕಂಪನಿಯದೇ. ದುಡಿಯುವ ತಾಕತ್ತು ತೋರಿಸಬೇಕು, ಕೆಲಸ ಕಾದಿದೆ ಅನ್ನಬಾರದು.

ನಿನ್ನ ಹುಡುಗನ ಜೇಬಿನಲ್ಲಿ ಸೋದರಮಾವನ ಕಾಗದ ಇದೆಯಲ್ಲ, ‘ಬಾ, ನಮ್ಮ ಮೇಸ್ತ್ರಿ ರೈಲು ಹಳಿಯ ಕೆಲಸಕ್ಕೆ ನಿನ್ನನ್ನೂ ತಗೊಳ್ತಾನೆ’ ಅಂತ? ಅದನ್ನು ಅವನು ತಾಯಿತದ ಹಾಗೆ ಕಾಪಾಡಿಕೊಂಡು ಬಂದಿದ್ದಾನೆ. ನೀನು ಅದನ್ನು ಮರೆತೇಬಿಟ್ಟಿದ್ದೀಯ! ಸಾಲಿನಲ್ಲಿ ಮುಂದಿದ್ದವನೊಬ್ಬ ಹೌದು ಅಂದು ಪಕ್ಕಕ್ಕೆ ಹೋಗಿ ನಿಲ್ಲಲಿ. ನಿನ್ನ ಹುಡುಗನ ಕೈ ಜೇಬಿಗೆ ಹೋಗಲಿ. ಮುಂದಿನದನ್ನು ನೀನೇ ಬರಿ. ಕಣ್ಣೀರು ಜಾಸ್ತಿ ಬೇಡ.

ಕೊನೆಯಲ್ಲಿ ಅವನನ್ನು ಪಶ್ಚಿಮಕ್ಕೆ ಕಳಿಸಿ ಜಮೀನುದಾರನನ್ನಾಗಿ ಮಾಡುತ್ತೇನೆ ಅಂದಿದ್ದೀಯ. ನನಗೆ ಅಷ್ಟು ಹಿಡಿಸಲಿಲ್ಲ. 1892ರ ಜನವರಿ 1ರಂದು ಎಲ್ಲಿಸ್ ದ್ವೀಪ ತೆರೆದಾಗ ಮೊದಲು ನೋಂದಾಯಿಸಿಕೊಂಡವಳು ಐರ್ಲೆಂಡಿನ ಆನಿ ಮೂರ್. ಅವಳಿಗೆ 10 ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಆಮೇಲೆ ಅವಳು ಟೆಕ್ಸಸ್ಸಿಗೆ ಹೋದಳು ಅಂತ ಬಹಳ ಕಾಲ ನಂಬಿದ್ದರು. ಅದು ಅದೇ ಹೆಸರಿನ ಬೇರೆ ಹೆಂಗಸು ಅಂತ 2006ರಲ್ಲಿ ಗೊತ್ತಾಯಿತು. ನಿಜವಾದ ಆನಿ ನ್ಯೂಯಾರ್ಕಿನ ಕಿಕ್ಕಿರಿದ ಓಣಿಗಳಲ್ಲೇ ಮದುವೆಯಾಗಿ, ಮಕ್ಕಳನ್ನು ಹೆತ್ತು, ಹಲವು ಮಕ್ಕಳನ್ನು ಮಣ್ಣು ಮಾಡಿ, 1924ರಲ್ಲಿ ತೀರಿಕೊಂಡಳು. ಟೆಕ್ಸಸ್ಸಿನ ಕಥೆ ಯಾಕೆ ಅಷ್ಟು ಸಲೀಸಾಗಿ ಹಬ್ಬಿತು ಅಂತ ಯೋಚಿಸು. ನಿನ್ನ ಕೊನೆಯ ಅಧ್ಯಾಯಕ್ಕೂ ಅದೇ ಖಾಯಿಲೆ.

ಮೂರನೆಯದನ್ನು ತಿದ್ದಿ ಕಳಿಸು. ಯುಗಾದಿಗೆ ಊರಿಗೆ ಬಂದಾಗ ಕೂತು ಮಾತಾಡೋಣ.

ನಿನ್ನ ಅಣ್ಣ