ಮೂರನೆಯ ಬಾಗಿಲಿನ ಕಾವಲುಗಾರ: ಯುವ ಬರಹಗಾರ್ತಿಗೊಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿಯನ್ನು ಓದಿ ಮುಗಿಸಿದೆ. ಪ್ರಾಚೀನ ಈಜಿಪ್ಟಿನ ಅರಸ ಎರಡನೆಯ ರಾಮ್ಸೆಸ್‌ನ ಕಾಲದ ಥೀಬ್ಸ್. ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ ಅರಸರ ಗೋರಿಗಳನ್ನು ಕೊರೆದು ಚಿತ್ರ ಬರೆಯುವವರ ಊರಾದ ದೆಯಿರ್ ಎಲ್ ಮದೀನಾ. ಹೆರಿಗೆಯಲ್ಲಿ ತೀರಿಕೊಂಡು ಪಾತಾಳದ ಬಾಗಿಲುಗಳನ್ನು ಒಂದೊಂದಾಗಿ ದಾಟುತ್ತ ಹೋಗುವ ಚಿತ್ರಕಾರನ ಹೆಂಡತಿ. ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತೇನೆಂದು ಹೊರಟ ನಿನ್ನ ಧೈರ್ಯ ನನಗೆ ಬಹಳ ಹಿಡಿಸಿತು. ಹೆರಿಗೆಮನೆಯ ಅಧ್ಯಾಯವಂತೂ ಓದಿದ ಮೇಲೂ ಬಹಳ ಹೊತ್ತು ನನ್ನನ್ನು ಬಿಡಲಿಲ್ಲ. ಆದರೆ ಮೂರನೆಯ ಬಾಗಿಲಿಗೆ ಬಂದಾಗ ಓದು ಮುಗ್ಗರಿಸಿತು. ಈ ಪತ್ರ ಆ ಬಾಗಿಲಿನ ಕುರಿತೇ.

ಅಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದ್ದೀಯೆ. ಗಂಡಿನ ಮೈ, ಹೆಣ್ಣಿನ ದನಿ. ಕಣ್ಣಿಗೆ ದಟ್ಟ ಕಾಡಿಗೆ, ಕೈತುಂಬ ಬಳೆ, ಜೋತುಬಿದ್ದ ಸ್ತನ, ಪರದೇಶಿಯ ಉಚ್ಚಾರ. ಅವನು ನಿನ್ನ ನಾಯಕಿಗೆ ಇನ್ನೂ ಏನನ್ನೂ ಮಾಡಿಲ್ಲ. ಆದರೂ ಓದುಗ ಅವನನ್ನು ಕಂಡು ಹೆದರಬೇಕು, ಹೇಸಿಕೊಳ್ಳಬೇಕು ಎಂದು ಬರಹ ಒತ್ತಾಯಿಸುತ್ತದೆ. ಪೂರ್ತಿ ಗಂಡಲ್ಲದ, ಪೂರ್ತಿ ಹೆಣ್ಣಲ್ಲದ ಆ ಮೈಯೇ ಅವನ ಅಪರಾಧ ಎಂಬಂತಿದೆ. ನೀನು ಯಾರ ಮೇಲಿನ ದ್ವೇಷದಿಂದಲೂ ಹೀಗೆ ಬರೆದಿಲ್ಲ ಎಂದು ನನಗೆ ಗೊತ್ತು. ಇಂಥ ಖಳರು ಸಿನಿಮಾದಲ್ಲಿ, ಧಾರಾವಾಹಿಯಲ್ಲಿ ಸಿದ್ಧವಾಗಿ ನಿಂತಿರುತ್ತಾರೆ. ಕೈ ಚಾಚಿದರೆ ಸಿಗುತ್ತಾರೆ. ಆದರೆ ನೀನು ಹೋಗಿರುವುದು ಈಜಿಪ್ಟಿಗೆ. ಅಲ್ಲಿನವರ ಭಯವೇ ಬೇರೆ.

ಮೊದಲು ಕಾಡಿಗೆಯ ಮಾತು. ಪ್ರಾಚೀನ ಈಜಿಪ್ಟಿನಲ್ಲಿ ಕಾಡಿಗೆ ಹಚ್ಚದ ಕಣ್ಣು ಅಪರೂಪ. ಹೆಂಗಸರು, ಗಂಡಸರು, ಮಕ್ಕಳು, ದೇವರು, ಎಲ್ಲರ ಕಣ್ಣಿಗೂ ಅದು ಇತ್ತು. ಸೀಸದ ಅದಿರಿನಿಂದ ಕಪ್ಪು, ತಾಮ್ರದ ಅದಿರಿನಿಂದ ಹಸಿರು. ಗಂಡಸರು ಬಳೆ ತೊಟ್ಟರು, ಕೊರಳಿಗೆ ಅಗಲವಾದ ಮಣಿಹಾರ ಹಾಕಿಕೊಂಡರು, ಕೃತಕ ಕೇಶ ಧರಿಸಿದರು. ತುತಂಖಾಮುನ್‌ನ ಚಿನ್ನದ ಮುಖವಾಡದ ಕಿವಿಗಳಲ್ಲೂ ತೂತುಗಳಿವೆ. ಹಾಗಿರುವಾಗ ನಿನ್ನ ನಾಯಕಿ ಕಾಡಿಗೆ ಹಚ್ಚಿದ ಗಂಡಸನ್ನು ಕಂಡು ಏಕೆ ನಡುಗಬೇಕು? ಅವಳ ಗಂಡನೂ ಬೆಳಿಗ್ಗೆ ಅದನ್ನೇ ಹಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.

ಹಾಗಾದರೆ ಅವಳು ಯಾವುದಕ್ಕೆ ನಡುಗಬೇಕು? ಅದನ್ನು ಈಜಿಪ್ಟಿನವರೇ ಬರೆದಿಟ್ಟಿದ್ದಾರೆ. 'ಸತ್ತವರ ಪುಸ್ತಕ' ಎಂದು ನಾವು ಕರೆಯುವ ಮಂತ್ರಸಂಗ್ರಹದ 144ನೆಯ ಮಂತ್ರದಲ್ಲಿ ಏಳು ಬಾಗಿಲುಗಳಿವೆ, ಕೈಯಲ್ಲಿ ಕತ್ತಿ ಹಿಡಿದ ಕಾವಲಿನವರಿದ್ದಾರೆ. ಒಬ್ಬನ ಹೆಸರು ಮುಖ ತಲೆಕೆಳಗಾದವನು. ಇನ್ನೊಬ್ಬ ಹುಳುಗಳನ್ನು ತಿಂದು ಬದುಕುವವನು. ಅದಕ್ಕಿಂತ ಹಳೆಯ, ಶವಪೆಟ್ಟಿಗೆಗಳ ಮೇಲೆ ಬರೆದ ಮಂತ್ರಗಳಲ್ಲಿ ಸತ್ತವರು ಮತ್ತೆ ಮತ್ತೆ ಬೇಡಿಕೊಳ್ಳುವುದು ಎರಡನ್ನು: ಪರಲೋಕದಲ್ಲಿ ತಲೆಕೆಳಗಾಗಿ ನಡೆಯುವಂತಾಗದಿರಲಿ, ಮಲವನ್ನು ತಿನ್ನುವಂತಾಗದಿರಲಿ. ಬದುಕಿನ ಕ್ರಮ ಪೂರ್ತಿ ಮಗುಚಿಬೀಳುವುದೇ ಅವರ ಮಟ್ಟಿಗೆ ಭಯಾನಕವಾದದ್ದು. ಅದರಿಂದ ಪಾರಾಗಲು ಸತ್ತವನು ಕಾವಲುಗಾರನನ್ನು ಕೊಲ್ಲುವುದಿಲ್ಲ, ಹೆಸರು ಹೇಳುತ್ತಾನೆ. ನಿನ್ನನ್ನು ಬಲ್ಲೆ, ನಿನ್ನ ಹೆಸರನ್ನೂ ಬಲ್ಲೆ ಎನ್ನುತ್ತಾನೆ. 125ನೆಯ ಮಂತ್ರದಲ್ಲಂತೂ ಬಾಗಿಲಿನ ಅಗುಳಿ, ಹೊಸ್ತಿಲುಗಳೂ ಬಾಯಿ ತೆರೆದು, ನನ್ನ ಹೆಸರು ಹೇಳದೆ ಒಳಗೆ ಬಿಡೆನು ಎಂದು ತಡೆಯುತ್ತವೆ. ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಸನ್ನಿವೇಶ ಬೇಕೇ? ಅಪರಿಚಿತನನ್ನು ದಾಟಿಹೋಗಬೇಕಾದರೆ ಅವನ ಪರಿಚಯವಿರಬೇಕು. ನಿನ್ನ ನಾಯಕಿಯಾದರೋ ಕಣ್ಣು ಮುಚ್ಚಿ ಓಡುತ್ತಾಳೆ.

ಇನ್ನು ಜೋತುಬಿದ್ದ ಸ್ತನ. ಈ ವಿವರ ಎಲ್ಲಿಂದ ಬಂತೆಂದು ಊಹಿಸಬಲ್ಲೆ. ನೀನು ಹಾಪಿಯ ಚಿತ್ರ ನೋಡಿರಬೇಕು. ಹಾಪಿ ಎಂದರೆ ನೈಲ್ ನದಿಯ ಪ್ರವಾಹದ ದೇವತೆ. ಗಡ್ಡವಿದೆ, ಮೈಬಣ್ಣ ನೀಲಿ ಅಥವಾ ಹಸಿರು, ತುಂಬಿದ ಹೊಟ್ಟೆ, ಕೆಳಗಿಳಿದ ಸ್ತನ, ತಲೆಯ ಮೇಲೆ ಜೊಂಡಿನ ಗೊಂಚಲು. ಇಂದಿನ ಲಕ್ಸರ್ ಆಗಿನ ಥೀಬ್ಸ್. ಅದರ ಎದುರು ದಂಡೆಯ ಬಯಲಿನಲ್ಲಿ ಅರಸ ಮೂರನೆಯ ಅಮೆನ್‌ಹೋತೆಪ್‌ನ ಎರಡು ಬೃಹತ್ ಪ್ರತಿಮೆಗಳು ಕುಳಿತಿವೆಯಲ್ಲ, ಅವುಗಳ ಸಿಂಹಾಸನದ ಪಕ್ಕಗಳನ್ನು ನೋಡು. ಅಲ್ಲಿ ಇಂಥವೇ ಎರಡು ಆಕೃತಿಗಳು ಎದುರುಬದುರು ನಿಂತು, ಮೇಲಣ ಈಜಿಪ್ಟಿನ ಗಿಡವನ್ನೂ ಕೆಳಗಣ ಈಜಿಪ್ಟಿನ ಗಿಡವನ್ನೂ ಗಂಟುಹಾಕಿ ಬಿಗಿಯುತ್ತಿವೆ. ರಾಜ್ಯವನ್ನು ಒಂದಾಗಿ ಹಿಡಿದಿಡುವ ಆ ಗಂಟು ಇರುವುದು ಗಡ್ಡವೂ ಸ್ತನವೂ ಇರುವವರ ಕೈಯಲ್ಲಿ. ನಿನ್ನ ಕಥೆಯ ಕಾಲದಲ್ಲಿ ಆ ಪ್ರತಿಮೆಗಳಿಗೆ ಆಗಲೇ ನೂರು ವರ್ಷದ ಆಸುಪಾಸು. ನಾಯಕಿಯ ಊರಿನಿಂದ ನಡೆದು ಹೋಗಿ ನೋಡಬಹುದಾದಷ್ಟು ಹತ್ತಿರ. ಆಸ್ವಾನ್‌ನ ಎತ್ತರದ ಅಣೆಕಟ್ಟು 1970ರಲ್ಲಿ ಪೂರ್ಣವಾಗುವ ತನಕ ಸಾವಿರಾರು ವರ್ಷ ಆ ದೇಶ ಉಂಡದ್ದು ಬೇಸಿಗೆಯ ನೆರೆ ತಂದ ಮಣ್ಣಿನಿಂದ. ಆ ಮೈಯನ್ನು ಕಂಡರೆ ಅವಳಿಗೆ ಊಟ ನೆನಪಾಗಬೇಕು, ತವರು ನೆನಪಾಗಬೇಕು. ನೀನು ಅದನ್ನೇ ತೆಗೆದು ಹೇಸಿಗೆಯ ಗುರುತು ಮಾಡಿದ್ದೀಯೆ.

ಇಲ್ಲಿ ಇನ್ನೊಂದು ಅಪಾಯವಿದೆ, ಅದು ನಮ್ಮ ಕಡೆಯವರಿಗೇ ವಿಶೇಷವಾದದ್ದು. ಹಾಪಿ ಎಂದ ತಕ್ಷಣ ಅರ್ಧನಾರೀಶ್ವರನನ್ನು ತಂದು ಪಕ್ಕದಲ್ಲಿ ಕೂರಿಸಬೇಡ. ಅರ್ಧನಾರೀಶ್ವರನಲ್ಲಿ ಶಿವ ಮತ್ತು ಪಾರ್ವತಿ ಇಬ್ಬರಿದ್ದಾರೆ, ನಡುವೆ ಒಂದು ಗೆರೆಯಿದೆ. ಹಾಪಿಯಲ್ಲಿ ಅಂಥ ಗೆರೆಯೇ ಇಲ್ಲ. ಅಲ್ಲಿ ಕಾಣುವುದು ಸಮೃದ್ಧಿಯಿಂದ ಉಕ್ಕಿದ ಒಂದೇ ಮೈ. ಭೂಮಿಯನ್ನು ತಾಯಿ ಎನ್ನುವುದೂ ನಮ್ಮ ರೂಢಿ. ಅವರಲ್ಲಿ ಭೂಮಿ ಗೆಬ್ ಎಂಬ ಗಂಡಸು, ಅವನ ಮೇಲೆ ಬಾಗಿ ನಿಂತ ಆಕಾಶ ನೂತ್ ಎಂಬ ಹೆಂಗಸು. ನಾಲ್ಕನೆಯ ಅಧ್ಯಾಯದಲ್ಲಿ ನಿನ್ನ ನಾಯಕಿ 'ಭೂತಾಯಿ' ಎಂದು ಕೂಗುತ್ತಾಳೆ. ಅದನ್ನು ದಯವಿಟ್ಟು ತೆಗೆದುಬಿಡು.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ. ನಿನ್ನ ಕಾದಂಬರಿಯಲ್ಲಿ ಎರಡು ಮಿಶ್ರದೇಹಗಳಿವೆ, ಆದರೆ ಅವನ್ನು ನೀನು ಒಟ್ಟಿಗೆ ನೋಡಿದಂತಿಲ್ಲ. ಹೆರಿಗೆಮನೆಯಲ್ಲಿ ನಾಯಕಿಯ ಕೊರಳಿಗೆ ತಾವೆರೆತ್ ದೇವಿಯ ತಾಯಿತ ಕಟ್ಟಿದ್ದೀಯೆ. ಕೊನೆಯ ಅಧ್ಯಾಯದಲ್ಲಿ, ತೀರ್ಪಿಗಾಗಿ ಸತ್ತವರ ಹೃದಯವನ್ನು ತೂಗುವ ತಕ್ಕಡಿಯ ಪಕ್ಕದಲ್ಲಿ ಅಮ್ಮಿತ್ ಎಂಬ ಭಕ್ಷಕಿಯನ್ನು ಕೂರಿಸಿದ್ದೀಯೆ. ತಾವೆರೆತ್‌ಗೆ ನೀರಾನೆಯ ಮೈ, ಸಿಂಹದ ಪಂಜ, ಬೆನ್ನಿಗೆ ಮೊಸಳೆಯ ಚರ್ಮ. ಅಮ್ಮಿತ್‌ಗೆ ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗ. ನೈಲ್ ದಂಡೆಯ ಜನರ ಜೀವ ತೆಗೆಯಬಲ್ಲ ಅವೇ ಮೂರು ಪ್ರಾಣಿಗಳು, ಎರಡೂ ಕಡೆ ಹೆಣ್ಣು. ಒಬ್ಬಳು ಹೆರುವವಳ ಪಕ್ಕದಲ್ಲಿ ನಿಂತು ಕೇಡನ್ನು ಓಡಿಸುತ್ತಾಳೆ, ಇನ್ನೊಬ್ಬಳು ಸುಳ್ಳಾದ ಹೃದಯವನ್ನು ನುಂಗುತ್ತಾಳೆ. ಅವಳು ನುಂಗುವುದು ಕೂಡ ತೀರ್ಪಾದ ಮೇಲೆಯೇ. ಅದು ಅವಳಿಗೆ ಒಪ್ಪಿಸಿದ ಕೆಲಸ. ಮೈಯನ್ನು ನೋಡಿ ಒಳ್ಳೆಯದು ಕೆಟ್ಟದ್ದನ್ನು ತೀರ್ಮಾನಿಸಲು ಹೊರಟವರು ಇಲ್ಲಿ ಸೋಲುತ್ತಾರೆ. ದೆಯಿರ್ ಎಲ್ ಮದೀನಾದ ಮನೆಗಳ ಮುಂದಿನ ಕೋಣೆಯ ಗೋಡೆಗಳಲ್ಲಿ ಬೆಸ್ ಎಂಬ ದೇವರ ಚಿತ್ರಗಳು ಸಿಕ್ಕಿವೆ: ಕುಳ್ಳ ಮೈ, ಸಿಂಹದ ಕೇಸರ, ಹೊರಗೆ ಚಾಚಿದ ನಾಲಿಗೆ. ಅವನೂ ತಾಯಿ ಮಕ್ಕಳನ್ನು ಕಾಯುವವನೇ. ವಿಕಾರವೆಂದು ನಾವು ಕರೆಯುವ ರೂಪಗಳನ್ನು ಆ ಜನ ತಮ್ಮ ಬಾಣಂತಿಯರ ಹತ್ತಿರಕ್ಕೇ ಕರೆದುಕೊಂಡರು. ಅವರು ಪೂರ್ತಿ ತಿರಸ್ಕರಿಸಿದ್ದು ಅಪೆಪ್ ಎಂಬ ಹಾವನ್ನು. ಅದಕ್ಕೆ ಪೂಜೆಯಿಲ್ಲ, ಮೇಣದಲ್ಲಿ ಅದರ ಗೊಂಬೆ ಮಾಡಿ ಉಗುಳಿ ಸುಡುತ್ತಿದ್ದರು. ಕಾರಣ, ಅದು ಪ್ರತಿರಾತ್ರಿ ಸೂರ್ಯನ ದೋಣಿಯನ್ನು ತಡೆಯಲು ಹವಣಿಸುತ್ತಿತ್ತು.

ಇಷ್ಟು ಹೇಳಿದೆನೆಂದು ಈಜಿಪ್ಟನ್ನು ಎಲ್ಲರನ್ನೂ ಅಪ್ಪಿಕೊಂಡ ಸ್ವರ್ಗದಂತೆ ಚಿತ್ರಿಸಬೇಡ. ಹೋರಸ್ ಮತ್ತು ಸೇತ್ ಎಂಬ ಇಬ್ಬರು ದೇವರು ಸಿಂಹಾಸನಕ್ಕಾಗಿ ಆಡಿದ ಜಗಳದ ಕಥೆಯನ್ನು ಓದು. ಅದರ ಪೂರ್ಣವಾದ ಪಠ್ಯ ಉಳಿದಿರುವುದು ಐದನೆಯ ರಾಮ್ಸೆಸ್‌ನ ಕಾಲದ, ಕ್ರಿ.ಪೂ. 12ನೆಯ ಶತಮಾನದ ಒಂದು ಪಪೈರಸ್ ಸುರುಳಿಯಲ್ಲಿ. ಆ ಸುರುಳಿ ಬಂದದ್ದು ನಿನ್ನ ನಾಯಕಿಯ ಊರಿನಿಂದಲೇ. ಅದರಲ್ಲಿ ಸೇತ್ ಹೋರಸ್‌ನನ್ನು ಹಾಸಿಗೆಯಲ್ಲಿ ಆಕ್ರಮಿಸಲು ನೋಡುತ್ತಾನೆ, ಆಮೇಲೆ ದೇವತೆಗಳ ಸಭೆಯಲ್ಲಿ ಅದನ್ನೇ ತನ್ನ ಗೆಲುವೆಂದು ಕೊಚ್ಚಿಕೊಳ್ಳುತ್ತಾನೆ. ದೇವತೆಗಳು ಹೋರಸ್‌ನ ಮುಖಕ್ಕೆ ಉಗುಳುತ್ತಾರೆ. ಗಂಡಸೊಬ್ಬ ಹೆಣ್ಣಿನ ಸ್ಥಾನಕ್ಕೆ ತಳ್ಳಲ್ಪಟ್ಟರೆ ಅದು ಅವಮಾನ ಎಂಬ ನಂಬಿಕೆ ಅಲ್ಲಿ ಬೆತ್ತಲಾಗಿ ಕಾಣುತ್ತದೆ. ಅದನ್ನು ಮರೆಮಾಚದೆ ಬರೆ. ಆದರೆ ಕಥೆಯ ಕೊನೆಯನ್ನೂ ಮರೆಯಬೇಡ: ಸೋತ ಸೇತ್‌ನನ್ನು ಯಾರೂ ಕೊಲ್ಲುವುದಿಲ್ಲ. ಆಕಾಶದಲ್ಲಿ ಗುಡುಗಲು ಅವನಿಗೆ ಜಾಗ ಸಿಗುತ್ತದೆ.

ಪರದೇಶಿಯ ಉಚ್ಚಾರದ ಪ್ರಶ್ನೆಗೂ ಸೇತ್‌ನೇ ಉತ್ತರ. ಅವನು ಮರುಭೂಮಿಯ, ಬಿರುಗಾಳಿಯ, ಹೊರನಾಡುಗಳ ದೇವರು. ಆದರೂ ನಿನ್ನ ಕಥೆಯ ಕಾಲದಲ್ಲಿ ಅವನು ಗೌರವದ ದೇವರೇ. ರಾಮ್ಸೆಸ್‌ನ ತಂದೆಯ ಹೆಸರೇ ಸೇತಿ. ರಾಮ್ಸೆಸ್ ಸಿರಿಯಾದಲ್ಲಿ ಮಾಡಿದ ಕಾದೇಶ್ ಯುದ್ಧಕ್ಕೆ ಹೊರಟ ನಾಲ್ಕು ಪಡೆಗಳಲ್ಲಿ ಒಂದು ಸೇತ್‌ನ ಹೆಸರಿನದು. ಸೂರ್ಯನ ದೋಣಿಯ ಮುಂಭಾಗದಲ್ಲಿ ನಿಂತು ಅಪೆಪ್‌ನನ್ನು ಈಟಿಯಿಂದ ತಿವಿಯುವವನೂ ಅವನೇ. ಸೇತ್‌ನನ್ನು ಹೊರಗಿನವನೆಂದು, ಶತ್ರುವೆಂದು ಕಂಡು ಅವನ ಮೂರ್ತಿಗಳನ್ನು ಒಡೆದದ್ದು ಬಹಳ ಶತಮಾನಗಳ ನಂತರ, ಅಸ್ಸೀರಿಯನ್ನರೂ ಪರ್ಷಿಯನ್ನರೂ ಬಂದು ದೇಶವನ್ನು ಗೆದ್ದ ಕಾಲದಲ್ಲಿ. ಸೋತ ನಾಡು ತನ್ನ ಸಿಟ್ಟನ್ನು ಹಳೆಯ ದೇವರೊಬ್ಬನ ಮೇಲೆ ತೀರಿಸಿಕೊಂಡಿತು. ದೇವರು ರಾಕ್ಷಸನಾಗುವುದಕ್ಕೆ ತಾರೀಖಿದೆ, ಕಾರಣವಿದೆ, ರಾಜಕೀಯವಿದೆ. ನಿನ್ನ ಕಾವಲುಗಾರನಿಗೆ ಪರದೇಶದ ಉಚ್ಚಾರ ಇರಲೇಬೇಕೆಂದಿದ್ದರೆ ಇರಲಿ. ಅವನು ಎಲ್ಲಿಂದ ಬಂದ, ಆ ಬಾಗಿಲಿಗೆ ಅವನನ್ನು ಯಾರು ನೇಮಿಸಿದರು ಎಂದೂ ಬರೆ.

ಈಗ ನಿನ್ನ ನಾಯಕಿಗೆ ಬರುತ್ತೇನೆ. ಆ ಕಾಲದಲ್ಲಿ ಸತ್ತವರೆಲ್ಲರೂ ಪರಲೋಕದ ಅರಸನಾದ ಓಸಿರಿಸ್ ದೇವರೊಂದಿಗೆ ಒಂದಾಗಬೇಕಿತ್ತು, ಹೆಂಗಸರು ಕೂಡ. ರಾಣಿಯರ ಕಣಿವೆಯಲ್ಲಿ 1904ರಲ್ಲಿ ಪತ್ತೆಯಾದ ನೆಫರ್ತಾರಿಯ ಗೋರಿಯಲ್ಲಿ ಇದೇ 144ನೆಯ ಮಂತ್ರದ ಕಾವಲುಗಾರರು ಕತ್ತಿ ಹಿಡಿದು ಕುಳಿತಿದ್ದಾರೆ, ಮತ್ತು ಅಲ್ಲಿನ ಬರಹಗಳಲ್ಲಿ ರಾಣಿಯ ಹೆಸರಿನ ಮುಂದೆ 'ಓಸಿರಿಸ್' ಎಂದಿದೆ. ರಾಮ್ಸೆಸ್‌ನ ಪಟ್ಟದರಸಿ, ಗಂಡು ದೇವರ ಹೆಸರನ್ನು ಹೊತ್ತು ಆ ಬಾಗಿಲುಗಳನ್ನು ದಾಟುತ್ತಾಳೆ. ನಿನ್ನ ನಾಯಕಿಯ ಗಂಡ ಅಂಥ ಗೋರಿಗಳಲ್ಲಿ ಕೆಲಸ ಮಾಡುವವನು. ಹೆಂಡತಿಗಾಗಿ ಅವನು ಬರೆದಿಟ್ಟ ಸುರುಳಿಯಲ್ಲೂ ಅವಳು ಓಸಿರಿಸ್ ಆಗಿಯೇ ಇರುತ್ತಾಳೆ. ಅಂದರೆ ತಂಗಿ, ಮೂರನೆಯ ಬಾಗಿಲಿನಲ್ಲಿ ಗಂಡು ಹೆಣ್ಣುಗಳನ್ನು ಒಂದೇ ಮೈಯಲ್ಲಿ ಹೊತ್ತು ನಿಂತವರು ಯಾರು? ಕಾವಲುಗಾರನಿಗಿಂತ ಮೊದಲು ಅವಳೇ. ಆ ಮಿಶ್ರತೆ ಇಲ್ಲದೆ ಅವಳಿಗೆ ಮರುಹುಟ್ಟೇ ಇಲ್ಲ. ಇದನ್ನು ಅವಳು ಅರಿಯುವ ಕ್ಷಣ ನಿನ್ನ ಕಾದಂಬರಿಯಲ್ಲಿ ಇನ್ನೂ ಬಂದಿಲ್ಲ, ಮತ್ತು ನನ್ನ ಪ್ರಕಾರ ಇಡೀ ಕಥೆ ಅದಕ್ಕಾಗಿಯೇ ಕಾಯುತ್ತಿದೆ.

ಕೊನೆಗೆ ಕ್ರಿಯಾಪದದ ವಿಷಯ. ಕನ್ನಡದಲ್ಲಿ ಬಂದನು, ಬಂದಳು, ಬಂದಿತು ಎಂದು ಪ್ರತಿ ವಾಕ್ಯದಲ್ಲೂ ತೀರ್ಮಾನ ಮಾಡಬೇಕಾಗುತ್ತದೆ. ನಿನ್ನ ಕಾವಲುಗಾರ ಮೊದಲ ಪುಟದಲ್ಲಿ 'ಅವನು'. ಬಳೆಯ ಸದ್ದು ಕೇಳಿಸಿದ ಮೇಲೆ 'ಅದು'. ನೀನು ಬಹುಶಃ ಗಮನಿಸಿಲ್ಲ, ಕೈ ತಾನಾಗಿ ಹಾಗೆ ಬರೆಯಿತು. ಆದರೆ ಈ ಪುಸ್ತಕವನ್ನು ಓದುವವರಲ್ಲಿ ಬೀದಿಯಲ್ಲಿ 'ಅದು' ಎಂದು ಕರೆಸಿಕೊಂಡವರೂ ಇರುತ್ತಾರೆ. ಜೋಗತಿಯಾಗಿ ಬದುಕು ಕಟ್ಟಿಕೊಂಡ ಮಂಜಮ್ಮನವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದ, 2021ರಲ್ಲಿ ಪದ್ಮಶ್ರೀ ಪಡೆದ ನಾಡು ನಮ್ಮದು. ಅವರಂಥವರ ಕೈಗೆ ನಿನ್ನ ಪುಸ್ತಕ ಸಿಕ್ಕಾಗ ಆ ಪುಟ ಅವರಿಗೆ ಏನು ಹೇಳುತ್ತದೆ ಎಂದು ಯೋಚಿಸು. ಲಕ್ಸರ್‌ನ ದಕ್ಷಿಣಕ್ಕಿರುವ ಎಸ್ನಾದ ದೇವಾಲಯದಲ್ಲಿ, ರೋಮನ್ನರ ಕಾಲದ ಬರಹವೊಂದು ಸೃಷ್ಟಿಕರ್ತೆ ನೀತ್ ದೇವಿಯನ್ನು ಮೂರರಲ್ಲಿ ಎರಡು ಪಾಲು ಗಂಡು, ಒಂದು ಪಾಲು ಹೆಣ್ಣು ಎಂದು ಸ್ತುತಿಸುತ್ತದೆ. ಅಂಥವರಿಗೆ ನಮ್ಮಲ್ಲಿ 'ಅವರು' ಎಂಬ ಗೌರವದ ರೂಪ ಸಿದ್ಧವಾಗಿದೆ. ಅದನ್ನು ಬಳಸು. ಕಾವಲುಗಾರರು ಕತ್ತಿ ಎತ್ತಿದರು ಎಂದು ಬರೆದು ನೋಡು. ಭಯ ಕಡಿಮೆಯಾಗುವುದಿಲ್ಲ, ಘನತೆ ಹೆಚ್ಚುತ್ತದೆ.

ಅಧ್ಯಾಯವನ್ನು ಮತ್ತೆ ಬರೆಯುವಾಗ ಇನ್ನೊಂದು ನೆನಪಿಡು. ಆ ಮಂತ್ರದಲ್ಲಿ ಪ್ರತಿ ಬಾಗಿಲಿಗೂ ಮೂವರಿದ್ದಾರೆ: ಬಾಗಿಲು ಹಿಡಿದವರು, ಕಾವಲು ನಿಂತವರು, ಬಂದವರ ಸುದ್ದಿಯನ್ನು ಒಳಗೆ ಸಾರುವವರು. ನಿನ್ನಲ್ಲಿ ಒಬ್ಬರೇ ಇದ್ದಾರೆ. ಉಳಿದ ಇಬ್ಬರನ್ನೂ ಕರೆದುಕೊಂಡು ಬಾ, ಅವಳು ಓಡುವುದನ್ನು ನಿಲ್ಲಿಸು, ಮೂವರ ಹೆಸರನ್ನೂ ಅವಳ ಬಾಯಿಂದಲೇ ಹೇಳಿಸು. ತಿದ್ದಿದ ಪ್ರತಿಯನ್ನು ಕಳಿಸು. ಐದನೆಯ ಬಾಗಿಲಿನ ಬಗ್ಗೆ ನನ್ನಲ್ಲಿ ಬೇರೆ ಪ್ರಶ್ನೆಗಳಿವೆ, ಅವನ್ನು ಆಗ ಮಾತನಾಡೋಣ.

ಪ್ರೀತಿಯಿಂದ,
ನಿನ್ನ ಅಕ್ಕ